ಅಪ್ಪಯ್ಯನ ಪಾಲಿನ ಗಂಗೆ

ಪೂಜೆಯ ಗಂಟೆ ಕೇಳಿದರೆ ಜನ ಕೈಮುಗಿದು ದೇವರನ್ನು ನೋಡುತ್ತಾರೆ. ನಾನು ಬಗ್ಗಿ ದೇವರ ಪೀಠದ ಕೆಳಗೆ ನೋಡುತ್ತೇನೆ. ಬ್ರಹ್ಮಾವರದ ನನ್ನ ಮನೆಯಲ್ಲಿ ದೇವರ ಮುಂದೆ ಈಗ ಉರಿಯುವುದು ಸಣ್ಣ ಕರೆಂಟಿನ ದೀಪ. ಕಾಲೇಜಿನಲ್ಲಿ ಪಾಠ ಮಾಡುವವಳಿಗೆ ಬತ್ತಿ ಹೊಸೆಯಲು ಪುರುಸೊತ್ತಿಲ್ಲ ಎಂದು ಅಕ್ಕಪಕ್ಕದವರು ತಿಳಿದುಕೊಂಡಿದ್ದಾರೆ. ಪುರುಸೊತ್ತು ಇದೆ. ಧೈರ್ಯ ಇಲ್ಲ.

ಕೋಟೇಶ್ವರದ ನಮ್ಮ ಮನೆಯಲ್ಲಿ ಪೂಜೆ ಮಾಡುವುದು ಅಪ್ಪಯ್ಯ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಗಲ್ಲಾದ ಮೇಲೆ ಕೂತು ಜೀವಮಾನವಿಡೀ ಕೂಗಿದವರು. ಊರಿಗೆ ಬಂದು ನೆಲೆಸಿದ ಮೇಲೆ ಅವರು ಹಿಡಿದ ಒಂದೇ ವ್ರತವೆಂದರೆ ಪೂಜೆಗೆ ಕೂತಾಗ ಮೌನ. ಸಂಕಲ್ಪ ಮಾಡಿದ ಮೇಲೆ ಮಂಗಳಾರತಿ ಆಗುವ ತನಕ ಮಂತ್ರ ಬಿಟ್ಟು ಬೇರೆ ಒಂದು ಮಾತೂ ಇಲ್ಲ. ಹೂ ಸಾಲದಿದ್ದರೂ ಇಲ್ಲ, ಹಾಲು ಒಡೆದಿದ್ದರೂ ಇಲ್ಲ. ಒಮ್ಮೆ ತಲೆಯ ಮೇಲೆ ಹಲ್ಲಿ ಬಿದ್ದಾಗಲೂ ಮಾತಾಡಿರಲಿಲ್ಲ ಎಂಬುದು ಮನೆಗೆ ಬಂದವರಿಗೆಲ್ಲ ಅವರು ತಾವೇ ಹೇಳುವ ಕತೆ.

ಈ ವ್ರತದ ಪೂರ್ತಿ ಫಲ ಸಿಕ್ಕಿದ್ದು ಅಮ್ಮನಿಗೆ. ಮದುವೆಯಾದಂದಿನಿಂದ ಅವಳ ಮಾತನ್ನು ನಡುವೆ ಕತ್ತರಿಸಿದ ಮನುಷ್ಯ ದಿನಕ್ಕೊಮ್ಮೆ ಬಾಯಿ ಮುಚ್ಚಿ, ಎದ್ದು ಹೋಗಲೂ ಆಗದೆ ಕೂರುತ್ತಾನೆ. ಇಂಥ ಅವಕಾಶವನ್ನು ಯಾರು ಬಿಡುತ್ತಾರೆ? ಅಮ್ಮ ಮಿಂದು, ದೇವರ ಕೋಣೆಯ ಪಕ್ಕದಲ್ಲಿರುವ ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಇಟ್ಟುಕೊಂಡು ಕೂರುತ್ತಿದ್ದಳು. ಅತ್ತ ಅಪ್ಪಯ್ಯ ಆಚಮನ ಮಾಡಿದರೆ ಇತ್ತ ಅಮ್ಮ ದೂರು ಸುರು ಮಾಡುತ್ತಿದ್ದಳು. ಅಪ್ಪಯ್ಯನ ಕೈಯಲ್ಲಿದ್ದ ಉತ್ತರವೆಂದರೆ ಗಂಟೆ. ಮಾತು ತೀರಾ ಚುಚ್ಚಿದರೆ ಗಂಟೆ ಜೋರಾಗುತ್ತಿತ್ತು, ಗಂಟೆ ಜೋರಾದರೆ ಅಮ್ಮನ ದನಿಯೂ ಜೋರಾಗುತ್ತಿತ್ತು. ದಾರಿಯಲ್ಲಿ ಹೋಗುವವರಿಗೆ ನಮ್ಮದು ಬಹಳ ಭಕ್ತಿಯ ಮನೆ.

ಪೀಠದ ಮೇಲೆ ದೇವರ ಎಡಕ್ಕೆ ತಾಮ್ರದ ಒಂದು ಪುಟ್ಟ ತಂಬಿಗೆ ಇತ್ತು. ಕಾಶಿಗೆ ಹೋದಾಗ ತಂದ ಗಂಗೆ, ಬಾಯಿಗೆ ಬೆಸುಗೆ ಹಾಕಿದ್ದು. ತಂದದ್ದು ಎರಡು, ಗಂಡನಿಗೊಂದು ಹೆಂಡತಿಗೊಂದು. ಕೊನೆಗಾಲದಲ್ಲಿ ಬಾಯಿಗೆ ಬಿಡಲು. ಅಮ್ಮನ ಪಾಲಿನದನ್ನು ಯಡ್ತರೆಯ ಚಿಕ್ಕಮ್ಮ ಹಾಸಿಗೆ ಹಿಡಿದಾಗ ಕೊಟ್ಟಾಗಿತ್ತು. ಉಳಿದದ್ದು ಅಪ್ಪಯ್ಯನದು. ಹಿಂದಿನ ವರ್ಷ ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿ ಬಂದ ಮೇಲೆ ದೇವರ ಜೊತೆಗೆ ಆ ತಂಬಿಗೆಯನ್ನೂ ದಿನಾ ಒರೆಸಿ ಇಡುತ್ತಿದ್ದರು. ಅದು ಅಲ್ಲಿದ್ದರೆ ಅವರಿಗೊಂದು ಸಮಾಧಾನ.

ಇನ್ನು ಇಲಿ. ಪೀಠದ ಕೆಳಗೆ ಬಾಗಿಲಿಲ್ಲದ ಗೂಡೊಂದಿತ್ತು. ಹತ್ತಿ, ಕರ್ಪೂರ, ಊದಿನಕಡ್ಡಿಯ ಪೊಟ್ಟಣ, ಹಳೆಯ ಪಂಚಾಂಗ, ಬಾಡಿದ ಹೂವು, ಮುಂದಿನ ಚೌತಿಗೆಂದು ಎತ್ತಿಟ್ಟ ಬಣ್ಣದ ಕಾಗದ ಎಲ್ಲ ಅಲ್ಲಿ. ಇಲಿಯೂ ಅಲ್ಲೇ. ಬೋನು ಇಡೋಣವೆಂದು ನಾನು ಹೇಳಿದ್ದೆ. "ಗಣಪತಿ ವಾಹನ ಅದ್. ವಾಹನ ಹಿಡ್ದ್ ಹೊರಗ್ ಹಾಕಿರೆ ದೇವ್ರ್ ಎಂತ, ಬಸ್ಸಂಗ್ ಹೋಪುದಾ?" ಎಂದಿದ್ದರು ಅಪ್ಪಯ್ಯ. ನೈವೇದ್ಯದ ಅವಲಕ್ಕಿಯಲ್ಲಿ ಅದಕ್ಕೂ ಒಂದು ಚಿಟಿಕೆ ಹೋಗುತ್ತಿತ್ತು. ಆದರೆ ಅದರ ಕಣ್ಣು ಅವಲಕ್ಕಿಯ ಮೇಲಿರಲಿಲ್ಲ. ತೆಂಗಿನೆಣ್ಣೆ ಕುಡಿದ ಬತ್ತಿಯ ಮೇಲಿತ್ತು.

ಅದು ಆದಿತ್ಯವಾರ. ನಾನು ಹಿಂದಿನ ಸಂಜೆಯೇ ಬಂದಿದ್ದೆ. ಬೆಳಿಗ್ಗೆ ಮೀಯದೆ, ಕಾಫಿ ಲೋಟ ಹಿಡಿದು ಚಾವಡಿಯಲ್ಲಿ ಕೂತಿದ್ದೆ. ಅಲ್ಲಿಂದ ದೇವರ ಕೋಣೆ ನೇರ ಕಾಣುತ್ತದೆ. ಅಪ್ಪಯ್ಯ ಶಾಲನ್ನು ಮಡಿಸಿ ಸೊಂಟಕ್ಕೆ ಬಿಗಿದು ಕಟ್ಟಿ, ಕಣ್ಣು ಮುಚ್ಚಿ ಧ್ಯಾನದಲ್ಲಿದ್ದರು. ಅಮ್ಮ ಅವರಿಗೆ ಬೆನ್ನು ಹಾಕಿ ಬಾಳೆಕಾಯಿ ಕೊಚ್ಚುತ್ತಾ ಧ್ಯಾನ ಕೆಡಿಸುತ್ತಿದ್ದಳು.

"ಹ್ವಾಯ್, ತೆಕ್ಕಟ್ಟೆ ಅಣ್ಣಯ್ಯ ನಾಮಕರಣಕ್ಕೆ ಅಷ್ಟ್ ಬಾಯ್ ಬಿಟ್ಟ್ ಕರದ್ರ್. ನಿಮ್ಗ್ ಸೊಂಟ ನೋವ್. ಮಾರನೇ ದಿನ ಪೇಟಿಗ್ ಹೋಪುಕೆ ಹೊಸ ಸೊಂಟ ಎಲ್ಲಿಂದ ಬಂತ್?"

ಆಗ ಇಲಿ ಹೊರಗೆ ಬಂತು. ಪೀಠದ ಬುಡದಲ್ಲಿ ಉರಿಯುತ್ತಿದ್ದ ಹಣತೆಗೆ ಬಾಯಿ ಹಾಕಿ, ಎಣ್ಣೆಯಲ್ಲಿ ಮುಳುಗಿದ ತುದಿಯನ್ನು ಕಚ್ಚಿ ಬತ್ತಿಯನ್ನು ಎಳೆಯಿತು. ಇನ್ನೊಂದು ತುದಿ ಉರಿಯುತ್ತಲೇ ಇತ್ತು. ಟಾರ್ಚು ಹಿಡಿದು ಮನೆಗೆ ಹೋಗುವವರ ಹಾಗೆ, ಅವಸರವೇ ಇಲ್ಲದೆ, ಗೂಡಿನೊಳಗೆ ಹೋಯಿತು.

ನಾನು ರಸಾಯನಶಾಸ್ತ್ರ ಓದಿದವಳು. ಹತ್ತಿ, ಎಣ್ಣೆ, ಕರ್ಪೂರ, ಒಣ ಕಾಗದ ಒಟ್ಟಿಗೆ ಸೇರಿದರೆ ಏನಾಗುತ್ತದೆಂದು ತರಗತಿಯಲ್ಲಿ ಹೇಳಿಕೊಡುವವಳು. ಆ ಹೊತ್ತಿಗೆ ನನಗೆ ತೋಚಿದ್ದು, ಇಲಿ ಎಷ್ಟು ಚೆಂದ ನಡೆಯುತ್ತದೆ ಎಂದಷ್ಟೇ.

ಗೂಡಿನಿಂದ ಹೊಗೆ ಬಂತು. ಅಪ್ಪಯ್ಯ ಮೂಗು ಅರಳಿಸಿ ಕಣ್ಣು ಬಿಟ್ಟರು, ಕೆಳಗೆ ನೋಡಿದರು. ಬಾಯಿ ತೆರೆಯುತ್ತಾರೆಂದುಕೊಂಡೆ. ಅವರು ಗಂಟೆ ತೆಗೆದುಕೊಂಡು ಬಾರಿಸಿದರು, ಸಿಕ್ಕಾಪಟ್ಟೆ.

"ಗಂಟಿ ಎಷ್ಟ್ ಬಡ್ದ್ರೂ ನಾ ಸುಮ್ನಾಪುದಿಲ್ಲೆ," ಎಂದಳು ಅಮ್ಮ ತಿರುಗಿ ನೋಡದೆ. "ದೇವ್ರೂ ಕೇಣ್ಲಿ. ಎಷ್ಟ್ ದಿನ ಮುಚ್ಚಿಡುದ್?"

ಗಂಟೆ ಇನ್ನೂ ಜೋರಾಯಿತು. ಕರ್ಪೂರದ ಡಬ್ಬಿ ಹೊತ್ತಿಕೊಂಡು ಭಗ್ ಎಂದಿತು. ಪೀಠದ ಮೇಲಿಂದ ಇಳಿಬಿಟ್ಟಿದ್ದ ಜರಿಬಟ್ಟೆಗೆ ಬೆಂಕಿ ಹತ್ತಿತು. ಅಪ್ಪಯ್ಯ ತೀರ್ಥದ ಪಾತ್ರೆ ಎತ್ತಿ ಸುರಿಯಬಹುದಿತ್ತು. ಆದರೆ ಕೈಗೆ ಅಭ್ಯಾಸವಾಗಿದ್ದು ಬೇರೆ. ಅವರು ಪೂಜೆಯ ಸಣ್ಣ ಸೌಟು ತೆಗೆದುಕೊಂಡು ಒಂದೊಂದೇ ಸೌಟು ನೀರು ಎರೆಯತೊಡಗಿದರು. ಬೆಂಕಿಗೆ ಅರ್ಘ್ಯ ಕೊಟ್ಟ ಹಾಗಿತ್ತು. ಬಗ್ಗಿದಾಗ ಸೊಂಟದ ಶಾಲಿನ ತುದಿ ಬೆಂಕಿಗೆ ತಾಗಿತು.

"ಅಪ್ಪಯ್ಯ, ಶಾಲಿಗ್ ಕಿಚ್ಚ್," ಎಂದು ಕೂಗಿ ಓಡಿದೆ. ಹೊಸ್ತಿಲ ಹತ್ತಿರ ಬಂದಿದ್ದೆ. ಅಮ್ಮನ ದನಿ ಬಂತು.

"ಹೆಣ್ಣೇ, ಮಿಂದಿದ್ಯಾ?"

ನಾನು ನಿಂತೆ. ನಿಜವಾಗಿ ನಿಂತೆ. ಕಾಲು ಎತ್ತಿಕೊಂಡೇ ನಿಂತೆ. ಸಣ್ಣಂದಿನಿಂದ ಆ ಪ್ರಶ್ನೆಗೆ ಆ ಹೊಸ್ತಿಲಲ್ಲಿ ನಿಂತ ಕಾಲು ಅದು. ಅದಕ್ಕೆ ಯಾರೂ ರಸಾಯನಶಾಸ್ತ್ರ ಕಲಿಸಿರಲಿಲ್ಲ. ನಾನು ಈಗಲೂ ಮತ್ತೆ ಮತ್ತೆ ನೋಡುವುದು ಆ ಚಿತ್ರವನ್ನೇ. ಅಪ್ಪಯ್ಯ ಎರಡೂ ಕೈಯಲ್ಲಿ ಶಾಲಿನ ಗಂಟು ಎಳೆಯುತ್ತಿದ್ದಾರೆ, ಗಂಟು ಬಿಚ್ಚುತ್ತಿಲ್ಲ, ಬೆಂಕಿ ಬೆನ್ನಿಗೆ ಏರುತ್ತಿದೆ, ತುಟಿ ಬಿಗಿದೇ ಇದೆ. ಒಂದು ಮಾತಿಲ್ಲ.

ಅವರ ಕೈ ಪೀಠವನ್ನು ತಡಕಾಡಿತು. ಸಿಕ್ಕಿದ್ದು ಆ ತಂಬಿಗೆ. ಕೈಯಲ್ಲಿ ಹಿಡಿದು ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ಪೀಠದ ಕಲ್ಲಿಗೆ ಕುಟ್ಟಿದರು. ಕಾಶಿಯ ಬೆಸುಗೆ ಬಿಡಲಿಲ್ಲ. ಮತ್ತೆ ಕುಟ್ಟಿದರು. ಮುಚ್ಚಳ ಹಾರಿತು. ಗಂಗೆಯನ್ನು ಬೆನ್ನ ಮೇಲೆ ಸುರಿದುಕೊಂಡರು. ಶಾಲು ಚುಯ್ ಎಂದಿತು.

ಅಷ್ಟರಲ್ಲಿ ಅಮ್ಮ ತಿರುಗಿ ನೋಡಿದ್ದಳು. ದನಕ್ಕೆಂದು ತೆಗೆದಿಟ್ಟಿದ್ದ ಅಕ್ಕಿ ತೊಳೆದ ನೀರಿನ ಪಾತ್ರೆ ಎತ್ತಿಕೊಂಡು ಬಂದವಳೇ ಗೂಡಿಗೆ, ಜರಿಬಟ್ಟೆಗೆ, ದೇವರಿಗೆ, ಗಂಡನಿಗೆ ಎಲ್ಲರಿಗೂ ಒಟ್ಟಿಗೆ ಎರಚಿದಳು. ಬೆಂಕಿ ಆರಿತು. ಇಲಿ ನನ್ನ ಕಾಲಡಿಯಲ್ಲಿ ಹಾದು ಅಂಗಳಕ್ಕೆ ಹೋಯಿತು. ಅದೂ ಮಿಂದಿರಲಿಲ್ಲ, ಆದರೂ ಹೊಸ್ತಿಲು ದಾಟಲು ಯಾರನ್ನೂ ಕೇಳಲಿಲ್ಲ.

ನಾನು ಒಳಗೆ ನುಗ್ಗಿ ಅಪ್ಪಯ್ಯನ ಬೆನ್ನು ನೋಡಿದೆ. ಕೆಂಪಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಅವರು ಕೈಬೀಸಿ ನನಗೆ ಹೊರಗೆ ಹೋಗೆಂದು ಸನ್ನೆ ಮಾಡಿದರು. ಮೀಯದವಳು ಒಳಗೆ ಬಂದಿದ್ದೆನಲ್ಲ. ಹೋಗಿ ಹೊಸ್ತಿಲಾಚೆ ಕೂತೆ. ಅಪ್ಪಯ್ಯ ಮಸಿ ಹತ್ತಿದ ಗಣಪತಿಯ ಮೈ ಒರೆಸಿ, ಗಡ್ಡದಿಂದ ಅಕ್ಕಿ ತೊಳೆದ ನೀರು ತೊಟ್ಟಿಕ್ಕುತ್ತಿರುವಾಗಲೇ ಬಿಟ್ಟ ಮಂತ್ರದಿಂದ ಪೂಜೆ ಮುಂದುವರಿಸಿದರು. ಅಮ್ಮನೂ ಒಂದು ಮಾತಾಡಲಿಲ್ಲ. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಬೆಂಕಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಂಗಳಾರತಿ ಆಯಿತು. ಅಪ್ಪಯ್ಯ ಮುಚ್ಚಳ ಹಾರಿದ ತಂಬಿಗೆಯನ್ನು ಮಗುಚಿ ನೋಡಿದರು. ಒಂದು ಹನಿಯೂ ಇರಲಿಲ್ಲ.

"ನಿಂದ್ ಚಿಕ್ಕಮ್ಮಂಗ್ ಹೋಯ್ತ್," ಎಂದರು ಅಮ್ಮನಿಗೆ. "ನಂದ್ ಇಲಿಗ್ ಹೋಯ್ತ್. ಇನ್ನ್ ನಂಗ್ ಸಾಯೂಕೂ ಆಪುದಿಲ್ಲೆ."

"ಸಾಯ್ಬೇಡಿ," ಎಂದಳು ಅಮ್ಮ. "ನಿಮ್ಗ್ ಯಾರ್ ಅವಸರ ಮಾಡಿದ್ರ್?" ಸೆರಗಿನಿಂದ ಅವರ ಗಡ್ಡ ಒರೆಸಿದಳು. ಆಮೇಲೆ ಕೇಳಿದಳು: "ಅಲ್ದೇ, ಕಿಚ್ಚ್ ಹಿಡ್ದಿತ್ ಅಂದ್ ಒಂದ್ ಮಾತ್ ಹೇಳೂಕೆ ಎಂತ ಆಯಿತ್ ನಿಮ್ಗೆ?"

"ಹೇಳುಕೆ ನೀ ಎಲ್ಲ್ ಜಾಗ ಬಿಟ್ಟೆ?"

ಗೂಡಿಗೆ ಈಗ ಬಾಗಿಲಿದೆ, ಹಣತೆಗೆ ಗಾಜಿನ ಬುರುಡೆ ಇದೆ. ಕಾಶಿಗೆ ಮತ್ತೆ ಹೋಗುವುದಾ ಬೇಡವಾ ಎಂಬ ಚರ್ಚೆ ಇನ್ನೂ ನಡೆದಿದೆ. ಸೊಂಟ ನೋವಿನ ಕಾರಣ ತೀರ್ಮಾನ ಮುಂದೆ ಹೋಗುತ್ತಿದೆ. ನಾನು ಪ್ರತಿ ಬೆಳಿಗ್ಗೆ ಪೂಜೆಯ ಹೊತ್ತಿಗೆ ಬ್ರಹ್ಮಾವರದಿಂದ ಫೋನು ಮಾಡುತ್ತೇನೆ. ಅಮ್ಮ ಅದನ್ನು ಸ್ಪೀಕರಿಗೆ ಹಾಕಿ ಹೊಸ್ತಿಲ ಮೇಲೆ ಇಡುತ್ತಾಳೆ. ಅವಳೀಗ ಕೂರುವುದು ದೇವರ ಕೋಣೆಯ ಒಳಗೆ, ದೀಪಕ್ಕೂ ಅಪ್ಪಯ್ಯನಿಗೂ ಮುಖ ಮಾಡಿ. ಗಂಟೆ ಜೋರಾದ ಕೂಡಲೇ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇನೆ. ಅದರ ಬೆನ್ನಿಗೇ "ಹ್ವಾಯ್, ನಿನ್ನೆ ತಂದ ಬದ್ನೆಕಾಯಿ ಕಂಡ್ರ್ಯಾ, ಪೂರಾ ಹುಳ," ಎಂದು ಅಮ್ಮನ ದನಿ ಕೇಳಿಸುತ್ತದೆ. ಆಗ ಫೋನಿಟ್ಟು ಮೀಯಲು ಹೋಗುತ್ತೇನೆ.