ಬಾಯಮ್ಮ ಬೇಡಿದ ಊಟ

ಬಾಯಮ್ಮನ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಕಪ್ಪು ಪೇಂಟು ಅಂಟಿಕೊಂಡಿರುತ್ತಿತ್ತು. ಭಾನುವಾರ ಇಗರ್ಜಿಗೆ ಹೊರಟಾಗ ರೇಷ್ಮೆ ಸೀರೆ, ಮುತ್ತಿನ ಸರ, ಮುಖಕ್ಕೆ ಹದವಾದ ಪೌಡರು ಎಲ್ಲ ಇದ್ದರೂ ಉಗುರು ಮಾತ್ರ ಗ್ಯಾರೇಜಿನವರದ್ದು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಜಗ್ಗುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಈಚಿನ ವರ್ಷಗಳಲ್ಲಿ ನೈರೋಬಿಯ ಎಂಬಕಸಿ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ನಾನು ಪುತ್ತೂರಿನವಳು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಮೊದಲ ದಿನವೇ ಬಾಯಮ್ಮ ಎಂದುಬಿಟ್ಟೆ. ಅವರಿಗೆ ಅಷ್ಟೇ ಸಾಕಾಯಿತು. ಮರುದಿನದಿಂದ ನಾನು ಅವರ ಡ್ರೈವರ್.

ಹೋಗುತ್ತಿದ್ದದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನ ಬಳಿಗೆ. ಅಲ್ಲಿ ರಸ್ತೆ ಬದಿಯಲ್ಲಿ ಸೊಂಟದೆತ್ತರದ ಸಿಮೆಂಟ್ ಫಲಕವಿತ್ತು. ನೈರೋಬಿ ಇನ್ನೂ ಊರಾಗದೆ ಬರೀ ಜೌಗು ನೆಲವಾಗಿದ್ದ ಕಾಲದಲ್ಲಿ ರೈಲುಹಳಿ ಹಾಕುತ್ತ ಸತ್ತ ಹಿಂದೂಸ್ತಾನದ ಕೂಲಿಯೊಬ್ಬನ ಗೋರಿ ಇದು, ಹೆಸರು ತಿಳಿಯದು ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಲಾರಿಗಳ ಹೊಗೆಗೆ ಅಕ್ಷರ ಮಾಸಿದಾಗಲೆಲ್ಲ ಬಾಯಮ್ಮ ಬ್ರಷ್ ಹಿಡಿದು ಕೂರುತ್ತಿದ್ದರು. ಹಿಂದೆ ಜಾಮ್ ಆಗಿ ಮಟಾಟು ವ್ಯಾನಿನವರು ಹಾರ್ನ್ ಹೊಡೆದರೆ, ಸ್ವಾಹಿಲಿಯಲ್ಲಿ ನಾಲ್ಕು ಮಾತು ಬೈದು ಮತ್ತೆ ಅಕ್ಷರ ತಿದ್ದುವರು.

"ಅವನು ನಿಮ್ಮ ಜಾತಿಯವನು ಹೌದಾ ಅಲ್ವಾ ಅಂತಾನೂ ಗೊತ್ತಿಲ್ಲ ಬಾಯಮ್ಮ" ಎಂದು ಒಮ್ಮೆ ಕೆಣಕಿದೆ.

"ನಾನು ಯಾರು ಅಂತ ಅವನಿಗೂ ಗೊತ್ತಿಲ್ಲ ಮಾರಾಯ್ತಿ. ಸರಿಗೆ ಸರಿ ಆಯ್ತಲ್ಲ" ಎಂದರು.

ಬಾಯಮ್ಮನ ಮಗಳ ಮದುವೆಯ ವಾರವೇ ಸುದ್ದಿ ಬಂತು. ಲಾರಿ ತಿರುಗಿಸಲು ಜಾಗ ಸಾಲದೆಂದು ಗೋದಾಮಿನ ಯಜಮಾನ ಸೋಮವಾರ ತನ್ನ ಆಳುಗಳಿಂದಲೇ ಆ ಫಲಕ ಕೀಳಿಸಿ ನೆಲ ಸಮ ಮಾಡಿಸುತ್ತಾನಂತೆ. ಬಾಯಮ್ಮ ಅವನ ಆಫೀಸಿಗೆ ಹೋದರು, ಮುಖ ಸಿಂಡರಿಸಿಕೊಂಡು ವಾಪಸ್ ಬಂದರು. ಸಂಜೆ ನಮ್ಮ ಮನೆಗೆ ಬಂದು, "ಶನಿವಾರ ಕಾರು ಬೇಕು, ದೊಡ್ಡ ಪಾತ್ರೆ ಉಂಟು" ಎಂದರು.

ಅವರ ಮನೆತನಗಳಲ್ಲಿ ಮದುವೆಗೆ ಮೊದಲು ತೀರಿಹೋದ ಹಿರಿಯರ ಹೆಸರಿನಲ್ಲಿ ಬಡವರಿಗೆ ಊಟ ಹಾಕುವ ಕ್ರಮವಿದೆ. ಭಿಕಾರಿಗಳ ಊಟ ಎಂದೇ ಅದರ ಹೆಸರು. "ನಮ್ಮ ಹಿರಿಯರೆಲ್ಲ ಮಂಗಳೂರಲ್ಲಿ ಮಲಗಿದ್ದಾರೆ. ಈ ಊರಲ್ಲಿ ನನಗೆ ಹಿರಿಯ ಅಂತ ಇರುವುದು ಇವನೊಬ್ಬನೇ" ಎಂದು ಊಟವನ್ನು ಗೋರಿಯ ಪಕ್ಕದಲ್ಲೇ ಇಟ್ಟುಕೊಂಡರು. ಗೋದಾಮಿನಲ್ಲಿ ಮೂಟೆ ಹೊರುವವರನ್ನೆಲ್ಲ ಕರೆದರು.

ಅನ್ನ, ಕೋಳಿ ಸಾರು ಘಮಘಮ ಎನ್ನುತ್ತಿತ್ತು. ಎಲ್ಲರೂ ಕೂತರು. ಬಾಯಮ್ಮನಿಗೆ ಯಾವುದನ್ನೂ ಅರ್ಧ ಹೇಳಿ ಗೊತ್ತಿಲ್ಲ. ಊಟದ ಅರ್ಥ, ಅದರ ಹೆಸರು ಎಲ್ಲವನ್ನೂ ಸ್ವಾಹಿಲಿಯಲ್ಲಿ ಬಿಡಿಸಿ ಹೇಳಿದರು. ಬಡಿಸುತ್ತಿದ್ದ ನನ್ನ ಕೈ ನಿಂತಿತು. ಅವರಲ್ಲಿ ಹಿರಿಯನಾದ ಮೇಸ್ತ್ರಿ ತಟ್ಟೆ ಕೆಳಗಿಟ್ಟು ಎದ್ದ. "ನಾವು ಬೇಡುವವರಲ್ಲ ಅಮ್ಮಾ. ದುಡಿದು ತಿನ್ನುವವರು" ಎಂದ. ಉಳಿದವರೂ ಎದ್ದರು. ಪಾತ್ರೆ ಮುಚ್ಚಿ ಮನೆಗೆ ಹೋಗುವುದೇ ಮರ್ಯಾದೆ ಎಂದು ನನಗನಿಸಿತು.

ಬಾಯಮ್ಮ ಮೇಸ್ತ್ರಿಯ ಕಾಲ ಬಳಿಯಿದ್ದ ತಟ್ಟೆ ಎತ್ತಿಕೊಂಡು, ಒಳ್ಳೆಯ ಸೀರೆಯಲ್ಲೇ ದೂಳಿನ ನೆಲದ ಮೇಲೆ ಕೂತು, ತಟ್ಟೆಯನ್ನು ಅವನತ್ತ ಚಾಚಿದರು.

"ತಪ್ಪು ನನ್ನದು. ಬೇಡುವವಳು ನಾನು. ನೀನು ಬಡಿಸು."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಸೌಟು ಅವನ ಕೈಗೆ ಕೊಟ್ಟೆ. ಅವನು ಬಡಿಸಿದ, ಬಾಯಮ್ಮ ಉಂಡರು. ಎರಡು ತುತ್ತು ತಿಂದು, "ಇವನ ಮೇಲೆ ಲಾರಿ ಹತ್ತಿಸಬೇಡಿ. ನಾನು ಬೇಡುವುದು ಅಷ್ಟೇ" ಎಂದರು. ಮೇಸ್ತ್ರಿ ಫಲಕವನ್ನೇ ನೋಡುತ್ತ ನಿಂತಿದ್ದ. ಕೊನೆಗೆ ತಾನೂ ಒಂದು ತಟ್ಟೆ ಹಾಕಿಕೊಂಡು ಅವರ ಪಕ್ಕ ಕೂತ. ನಾನು ಅಲ್ಲೇ ಅತ್ತುಬಿಟ್ಟೆ.

ಸೋಮವಾರ ಒಬ್ಬನೂ ಗುದ್ದಲಿ ಮುಟ್ಟಲಿಲ್ಲ. ಹೊರಗಿನಿಂದ ಆಳು ತಂದರೆ ಮೂಟೆ ಹೊರುವುದಿಲ್ಲ ಎಂದರಂತೆ. ಯಜಮಾನ ಗೊಣಗುತ್ತಲೇ ಲಾರಿಗಳು ಬರುವ ಗೇಟನ್ನು ಆಚೆ ಬದಿಗೆ ಹಾಕಿಸಿದ.

ಕೆಲವು ವರ್ಷಗಳ ನಂತರ ಬಾಯಮ್ಮ ನೈರೋಬಿಯಲ್ಲೇ ತೀರಿಕೊಂಡರು. ದೇಹವನ್ನು ಮಂಗಳೂರಿಗೆ ಒಯ್ಯಬೇಕೆಂದು ನೆಂಟರೆಲ್ಲ ಫೋನಿನಲ್ಲಿ ಹಟ ಹಿಡಿದರು. ಮಗಳು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಹೇಳಿದ್ದನ್ನು ನಮಗೆ ಹೇಳಿದಳು: "ಊರಲ್ಲಿ ನಮ್ಮವರು ತುಂಬ ಮಂದಿ ಮಲಗಿದ್ದಾರೆ. ನಿನ್ನ ಮಕ್ಕಳಿಗೆ ಇಲ್ಲಿ ಯಾರಿದ್ದಾರೆ? ನಾನು ಇಲ್ಲೇ ಇರ್ತೇನೆ."

ನಾವು ಇಲ್ಲೇ ಮಣ್ಣು ಮಾಡಿದೆವು. ಅದಕ್ಕೂ ಮೊದಲು ಯಾರು ಕೇಳಿದರೂ, ನಾಲ್ಕು ದಿನಕ್ಕೆ ಬಂದವರು ನಾವು, ಹೊರಟೇಬಿಡುತ್ತೇವೆ ಎನ್ನುತ್ತಿದ್ದವಳು ನಾನು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಈ ಊರಿನಲ್ಲಿ ನನಗೂ ಒಬ್ಬರು ಹಿರಿಯರಿದ್ದಾರೆ.