ಕೊಚ್ಚಿಯಲ್ಲಿ ಒಣಗದ ಹಾರ

ಕೊಚ್ಚಿಯಲ್ಲಿ ಹಪ್ಪಳಕ್ಕೆ ಆಯುಸ್ಸು ಕಡಿಮೆ. ಬಾಣಲೆಯಿಂದ ತಟ್ಟೆಗೆ ಬರುವ ದಾರಿಯಲ್ಲೇ ಅದು ಮನಸ್ಸು ಬದಲಾಯಿಸಿ ಮೆತ್ತಗಾಗಿಬಿಡುತ್ತದೆ. ಡಬ್ಬಿಯಲ್ಲಿ ಉಪ್ಪು ಬೆವರುತ್ತದೆ. ಬೀರುವಿನಲ್ಲಿ ಜೋಪಾನವಾಗಿಟ್ಟ ಚರ್ಮದ ಕೈಚೀಲ ಹಸಿರು ಮಖಮಲ್ಲು ಹೊದ್ದು ಹೊರಬರುತ್ತದೆ. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದ ಹೊಸದರಲ್ಲಿ ನಾನು ಈ ತೇವದ ಮೇಲೆ ಯುದ್ಧ ಸಾರಿದ್ದೆ. ಕರ್ಪೂರ, ಬೇವಿನೆಲೆ, ಹಳೆಯ ಪತ್ರಿಕೆ, ಎಲ್ಲ ಅಸ್ತ್ರಗಳನ್ನೂ ಬಿಟ್ಟು ನೋಡಿ ಆಮೇಲೆ ರಾಜಿಯಾದೆ. ಕಲೂರಿನ ನಮ್ಮ ಫ್ಲ್ಯಾಟಿನಲ್ಲಿ ಈಗ ಬಟ್ಟೆ ಒಣಗಿತೇ ಎಂದು ಯಾರೂ ಕೇಳುವುದಿಲ್ಲ. ಉಡುವಷ್ಟು ಒಣಗಿದೆಯೇ ಎಂದು ಮಾತ್ರ ಕೇಳುತ್ತೇವೆ.

ಇಂಥ ಊರಿನಲ್ಲಿ ನನ್ನ ಮಗಳು ಮೇಘನಾ ಒಂದು ಮಲ್ಲಿಗೆ ಹಾರವನ್ನು ಒಣಗಿಸಿ ಬದುಕಿರುವವರೆಗೂ ಇಟ್ಟುಕೊಳ್ಳುತ್ತೇನೆ ಎಂದು ಹೊರಟಳು.

ಹಾರ ಅವಳ ಮದುವೆಯದು. ಹುಡುಗ ವಿಷ್ಣು, ತಿರುವನಂತಪುರದವನು. ಇಬ್ಬರಿಗೂ ಅದೇ ಊರಿನ ಕಳಕ್ಕೂಟಂ ಬಡಾವಣೆಯಲ್ಲಿ ಕೆಲಸ. ಮದುವೆ ಚಿಂಗಂ ಮಾಸದಲ್ಲಿ, ಕೊಚ್ಚಿಯಲ್ಲಿ ನಡೆಯಿತು. ಚಿಂಗಂ ಎಂದರೆ ಮಲಯಾಳಿಗಳ ಮದುವೆಯ ಸುಗ್ಗಿ. ಛತ್ರ ಸಿಕ್ಕರೆ ಹೂ ಸಿಗದು, ಹೂ ಸಿಕ್ಕರೆ ಅಡುಗೆಯವರು ಸಿಗರು. ಮಳೆ ಮಾತ್ರ ಕರೆಯದೆಯೂ ಬರುತ್ತದೆ. ವಧೂವರರು ಬದಲಾಯಿಸಿಕೊಳ್ಳುವ ಗುಲಾಬಿ ಹಾರಗಳನ್ನು ಅಂಗಡಿಗೆ ಹೇಳಿದ್ದೆವು. ಆದರೆ ಧಾರೆಯ ಹೊತ್ತಿಗೆ ಹುಡುಗಿಯ ಕೊರಳಲ್ಲಿ ಇರಬೇಕಾದ ಮಲ್ಲಿಗೆ ಹಾರವನ್ನು ತಾನೇ ಕಟ್ಟುವುದೆಂದು ನನ್ನ ಅತ್ತೆ ಮೊದಲೇ ಘೋಷಿಸಿದ್ದರು.

ಅತ್ತೆಗೆ ಕಣ್ಣಿನ ನರ ಸೋಲುತ್ತಿದೆ. ನೇರ ನೋಡಿದ್ದು ಮಸುಕು, ಪಕ್ಕಕ್ಕಿರುವುದು ಅಷ್ಟಿಷ್ಟು ಕಾಣುತ್ತದೆ. ಹಾಗಾಗಿ ಅವರು ನಮ್ಮನ್ನು ನೋಡಬೇಕಾದರೆ ನಮ್ಮ ಪಕ್ಕದ ಗೋಡೆಯನ್ನು ನೋಡುತ್ತಾರೆ. ಪರಿಚಯವಿಲ್ಲದವರಿಗೆ ಇದು ಬಿಗುಮಾನದಂತೆ ತೋರುತ್ತದೆ. ಮದುವೆಯ ಹಿಂದಿನ ದಿನ ಹಾಲಿನಲ್ಲಿ ಕಾಲು ಚಾಚಿ ಕೂತು, ನೆನೆಸಿದ ಬಾಳೆನಾರನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮುಲ್ಲಪ್ಪೂ ಎಂಬ ಇಲ್ಲಿನ ಮಲ್ಲಿಗೆಯ ರಾಶಿಯನ್ನು ಬೆರಳಲ್ಲೇ ಓದುತ್ತ ಕಟ್ಟಿದರು. ಇದು ನಮ್ಮ ಮೈಸೂರು ಮಲ್ಲಿಗೆಯಲ್ಲ, ಇದಕ್ಕೆ ಪರಿಮಳಕ್ಕಿಂತ ಮೈಕಟ್ಟು ಜಾಸ್ತಿ ಎಂದು ಗೊಣಗಿದರು. ಬೆರಳಿನ ಗಿಣ್ಣುಗಳು ಊದಿದ್ದರಿಂದ ಸಾಲು ಅಲ್ಲಲ್ಲಿ ಸೊಟ್ಟಗಾಯಿತು. ಮುಗಿಸಿ ಮೇಘನಾಳ ಕೈಗೆ ಕೊಡುವಾಗ, “ನನ್ನ ಕೈಯಿಂದ ಇದೇ ಕೊನೇ ಹಾರ ಕಣೇ ಮಗು” ಎಂದರು. ಮೇಘನಾಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಅವತ್ತು ಹಾರವನ್ನು ಎರಡೂ ಅಂಗೈಯಲ್ಲಿ ಹಿಡಿದು ಅಜ್ಜಿಯ ಪಕ್ಕದಲ್ಲೇ ಕೂತಳು.

ಮದುವೆಯ ಸಂಜೆ ಕಾರು ಹತ್ತುವಾಗ ಕೊರಳಿನಿಂದ ಆ ಹಾರವನ್ನು ತೆಗೆದು ನನ್ನ ಕೈಯಲ್ಲಿಟ್ಟು, “ಅಮ್ಮಾ, ಅದು ಕಳಯಲ್ಲೇ” ಎಂದಳು. ಎಸೆಯಬೇಡ ಎಂದು. ಬೇರೆ ತಾಯಂದಿರನ್ನು ಆ ಗಳಿಗೆಯಲ್ಲಿ ಮಗಳು ಅಪ್ಪಿಕೊಂಡು ಅಳುತ್ತಾಳೆ. ನನಗೆ ಕೆಲಸ ಹಚ್ಚಿ ಹೋದಳು.

ಮದುವೆಯ ಹೂವನ್ನು ಇಟ್ಟುಕೊಳ್ಳುವುದು ಈಗ ದೊಡ್ಡ ಕಸುಬು. ತಿರುವನಂತಪುರದಲ್ಲಿ ಒಬ್ಬಾಕೆ ಹೂವನ್ನು ಒಣಗಿಸಿ, ಗಾಜಿನಂತೆ ಗಟ್ಟಿಯಾಗುವ ರೆಸಿನ್ ಎಂಬ ಅಂಟಿನಲ್ಲಿ ಮುಳುಗಿಸಿ ಗಡಿಯಾರ, ತಟ್ಟೆ, ಗೋಡೆಯ ಫ್ರೇಮು ಏನು ಬೇಕಾದರೂ ಮಾಡಿಕೊಡುತ್ತಾರಂತೆ. ಗುಲಾಬಿ ಹಾರ ಮಗಳ ಜೊತೆಗೇ ಅಲ್ಲಿಗೆ ಹೋಯಿತು. ಮಲ್ಲಿಗೆ ಸೂಕ್ಷ್ಮ, ಪ್ರಯಾಣ ತಡೆಯದು, ಮೊದಲು ಮನೆಯಲ್ಲೇ ಒಣಗಿಸಿ ಎಂದು ಆಕೆಯ ಅಪ್ಪಣೆ. ಹೊಸ ಬ್ಯಾಗು ಕೊಂಡರೆ ಒಳಗೆ ತಿನ್ನಬೇಡಿ ಎಂದು ಬರೆದ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದರ ಕಾಳುಗಳೇ ಇದಕ್ಕೂ ಬೇಕು. ನಾನು ಅದನ್ನು ಚೀಲಗಟ್ಟಲೆ ತರಿಸಿ, ಕೇಕಿನ ದೊಡ್ಡ ಡಬ್ಬಿಯಲ್ಲಿ ಹಾಸಿ, ಹಾರವನ್ನು ಹಾವಿನ ಹಾಗೆ ಸುತ್ತಿ ಮಲಗಿಸಿ, ಮೇಲೆ ಮತ್ತಷ್ಟು ಸುರಿದು ಮುಚ್ಚಳಕ್ಕೆ ಟೇಪು ಸುತ್ತಿದೆ. ಲಾಕರಿನಲ್ಲಿ ಒಡವೆ ಇಡುವ ಗ್ರಾಹಕರ ಮುಖದಲ್ಲಿ ಕಾಣುವ ಗಾಂಭೀರ್ಯ ಅವತ್ತು ನನ್ನ ಮುಖದಲ್ಲಿತ್ತೆಂದು ಯಜಮಾನರು ಹೇಳಿದರು.

ಬಾಡಿದ ಹೂವನ್ನು ಇಟ್ಟುಕೊಳ್ಳುವುದು ನಮ್ಮವರ ಪದ್ಧತಿಯಲ್ಲ. ಮುಡಿದಿಳಿಸಿದ್ದು, ದೇವರ ಮೇಲಿಂದ ತೆಗೆದದ್ದು ನಿರ್ಮಾಲ್ಯ. ಅದನ್ನು ಕಾಲಿಗೆ ಸಿಗದ ಕಡೆ ಗಿಡದ ಬುಡಕ್ಕೆ ಹಾಕಬೇಕು, ಇಲ್ಲವೇ ಹರಿವ ನೀರಿಗೆ ಬಿಡಬೇಕು. ನಮ್ಮ ಮನೆಯ ಹತ್ತಿರ ಹರಿವ ನೀರೆಂದರೆ ಕಲೂರಿನ ಕಾಲುವೆ. ಅದಕ್ಕೆ ಹಾಕಿದರೆ ಹೂವಿಗೇ ಮೈಲಿಗೆ ಎಂದು ಅತ್ತೆ ಬಾಲ್ಕನಿಯ ದಾಸವಾಳದ ಕುಂಡವನ್ನೇ ಕಾವೇರಿಯಾಗಿ ನೇಮಿಸಿಕೊಂಡಿದ್ದಾರೆ. ಹಾಗೆಂದು ನಮ್ಮ ಹಿರಿಯರಿಗೆ ಮದುವೆಯ ನೆನಪು ಬೇಡವಾಗಿತ್ತೇ? ಇತ್ತು, ಅದಕ್ಕೇ ಬಾಸಿಂಗ. ಬೆಂಡಿನ ಹೂಗಳನ್ನು ಕೂಡಿಸಿ ಹಣೆಗೆ ಕಟ್ಟುತ್ತಿದ್ದ ಆ ಬಾಸಿಂಗವನ್ನು ಮದುವೆ ಮುಗಿದ ಮೇಲೆ ಯಾರೂ ಎಸೆಯುತ್ತಿರಲಿಲ್ಲ. ನನ್ನದು ಮೈಸೂರಿನ ಮನೆಯ ಉಗ್ರಾಣದ ಬಾಗಿಲ ಮೇಲೆ, ಈರುಳ್ಳಿ ಬುಟ್ಟಿಯ ನೆತ್ತಿಗೆ, ಸುಣ್ಣ ಬಳಿಯುವವರು ಕಿತ್ತುಹಾಕುವವರೆಗೂ ಇತ್ತು. ಉಳಿಯಬೇಕಾದ ಹೂವನ್ನು ಬೆಂಡಿನಲ್ಲಿ ಮಾಡು, ಬಾಡುವ ಹೂವನ್ನು ಬಾಡಲು ಬಿಡು; ಹಿರಿಯರ ಲೆಕ್ಕಾಚಾರ ಸರಳವಾಗಿತ್ತು. ಬಾಡುವ ಹೂವನ್ನೇ ಉಳಿಸಬೇಕೆಂಬ ಹಟ ನಮ್ಮ ಕಾಲದ್ದು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಾನೂ ಮೇಘನಾಳ ಮೊದಲ ಹಲ್ಲನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡವಳೇ.

ಡಬ್ಬಿಯ ವಿಷಯವನ್ನು ಅತ್ತೆಗೆ ವಿವರವಾಗಿ ಹೇಳಿ, ಮುಟ್ಟಬೇಡಿ ಎಂದೇ ನಾನು ಬ್ಯಾಂಕಿಗೆ ಹೋದದ್ದು. ಅವರು ಕೇಳಿಸಿಕೊಂಡರು. ಆದರೆ ಅವರ ಕೈಗಳಿಗೆ ಕೇಳಿಸಿರಲಿಲ್ಲ.

ಕೆಲವು ದಿನ ಕಳೆದು ಕೊತ್ತಂಬರಿ ಸೊಪ್ಪಿಗೆಂದು ಫ್ರಿಜ್ಜಿನ ತಳದ ಪೆಟ್ಟಿಗೆ ಎಳೆದರೆ, ಒದ್ದೆ ಪಂಚೆಯ ತುಂಡಿನಲ್ಲಿ ಸುತ್ತಿದ ಬಾಳೆಲೆಯ ಪೊಟ್ಟಣ. ಬಿಚ್ಚಿದೆ. ಒಳಗೆ ಹಾರವಿತ್ತು. ಕಂದುಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಅಂಚಿನಲ್ಲಿ ಬೂಷ್ಟು ಹಿಡಿದು. ಮಲ್ಲಿಗೆ ಕೊಳೆತರೆ ಎಂಥ ವಾಸನೆ ಬರುತ್ತದೆಂದು ಮಲ್ಲಿಗೆಯನ್ನು ಪ್ರೀತಿಸುವವರು ತಿಳಿಯದಿರುವುದೇ ಒಳ್ಳೆಯದು.

ನಡೆದದ್ದು ಇಷ್ಟೇ. ಅತ್ತೆಗೆ ಮೊಮ್ಮಗಳ ಹಾರ ನೆನಪಾಗಿ ಮನಸ್ಸು ತಡೆದಿಲ್ಲ. ಡಬ್ಬಿ ತೆರೆದು ಕೈಯಾಡಿಸಿದ್ದಾರೆ. ಹೂ ಒಣಕಲು ಕಾಳಿನೊಳಗೆ ಹೂತುಹೋಗಿದೆ, ಒಂದು ತೊಟ್ಟು ನೀರಿಲ್ಲ. ಬದುಕಿಡೀ ಹೂವಿಗೆ ನೀರು ಚಿಮುಕಿಸಿ, ಬಾಳೆಲೆಯಲ್ಲಿ ಸುತ್ತಿ, ಮಣ್ಣಿನ ಮಡಕೆಯ ಪಕ್ಕ ತಂಪಿಗಿಟ್ಟವರು. ಅಯ್ಯೋ ಪಾಪ ಎನ್ನಿಸಿದೆ. ಕಾಳು ಕೊಡವಿ, ನೀರು ಚಿಮುಕಿಸಿ, ಸುತ್ತಿ, ತಂಪಿಗಿಟ್ಟು, ಟೇಪನ್ನು ಬೆರಳಲ್ಲಿ ತಡವಿ ಮತ್ತೆ ಅಂಟಿಸಿ ನೆಮ್ಮದಿಯಾಗಿ ಮಲಗಿದ್ದಾರೆ.

ಕೊಳೆತಿದೆ ಎಂದು ನಾನು ಹೇಳಬೇಕಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದ ಅತ್ತೆಗೆ ವಾಸನೆಯೇ ಹೇಳಿತು. ಕೈ ಚಾಚಿದರು, ಕೊಟ್ಟೆ. ಮುಟ್ಟಿ ನೋಡಿದರು. “ಕಾಪಾಡ್ತೀನಿ ಅಂತ ಹೋಗಿ ನಾನೇ ಹಾಳ್ಮಾಡಿದೆನಲ್ಲೇ” ಎಂದರು. ಆಮೇಲೆ ಎರಡು ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ದಾಸವಾಳದ ಕುಂಡಕ್ಕೆ ಹಾಕಿಬಿಡೋಣವೇ ಎಂದು ಯಜಮಾನರು ಮೆಲ್ಲಗೆ ಕೇಳಿದಾಗ, ಅವರ ಮಾತು ಮುಗಿಯುವ ಮೊದಲೇ ಅತ್ತೆ ಬೇಡ ಎಂದರು. ಮಗುವಿನ ಕೈಗೆ ತಾನೇ ಕೊಡಬೇಕು, ತಾನೇ ಹೇಳಬೇಕು.

ಹಾಗಾಗಿ ಭಾನುವಾರ ಅತ್ತೆಯೂ ನಾನೂ ತಿರುವನಂತಪುರದ ರೈಲು ಹತ್ತಿದೆವು, ಕೊಳೆತ ಹಾರವನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು. ಕೊಲ್ಲಂ ದಾಟಿದ ಮೇಲೆ ಎದುರು ಸೀಟಿನ ಹೆಂಗಸು ಡಬ್ಬಿಯಲ್ಲಿ ಮೀನೇ ಎಂದು ಆಸೆಯಿಂದ ವಿಚಾರಿಸಿದಳು. ಮಾಧ್ವರ ಮನೆಯ ನನ್ನ ಅತ್ತೆ ಪಕ್ಕದ ಗೋಡೆಯನ್ನು ನೋಡಿದರು, ಅಂದರೆ ಅವಳನ್ನೇ ನೋಡಿದರು. ಆ ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಮೇಘನಾ ನಮ್ಮನ್ನು ನೇರ ರೆಸಿನ್ ಮಾಡುವಾಕೆಯ ಕೆಲಸದ ಕೋಣೆಗೇ ಕರೆದೊಯ್ದಳು, ಅವತ್ತೇ ಗುಲಾಬಿ ಹಾರದ ತಟ್ಟೆಯನ್ನು ಪಡೆಯಬೇಕಿತ್ತು. ಕೆಂಪು ಗುಲಾಬಿ ಒಣಗಿ ಕಪ್ಪಾಗಿತ್ತು. ಗಾಜಿನೊಳಗೆ ಒಣದ್ರಾಕ್ಷಿ ಹಾಕಿದಂತಿತ್ತು. ಚೆನ್ನಾಗಿದೆ ಎಂದೆವು. ಅದರಲ್ಲಿ ಈಗ ವಿಷ್ಣು ಬೈಕಿನ ಕೀ ಇಡುತ್ತಾನೆ. ನಮ್ಮ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಆಕೆ ಕಿಟಕಿ ತೆರೆದರು. ಇದನ್ನು ಏನೂ ಮಾಡಲಾಗದು ಅಕ್ಕಾ, ಬೇಕಿದ್ದರೆ ಇದೇ ಅಳತೆಯ ಹೊಸ ಮಲ್ಲಿಗೆ ತಂದು ಮಾಡಿಕೊಡುತ್ತೇನೆ, ನೋಡಿದವರಿಗೆ ಗೊತ್ತಾಗದು ಎಂದು ನನಗೆ ಮಲಯಾಳದಲ್ಲಿ ಸಮಾಧಾನ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅತ್ತೆ ಮೊಮ್ಮಗಳ ಕಡೆ ತಿರುಗಿ, ಕೈ ಎಲ್ಲಿದೆಯೆಂದು ತಡಕಿ ಹಿಡಿದು, ನೀರು ಚಿಮುಕಿಸಿದ್ದು ತಾನೇ ಎಂದು ಒಪ್ಪಿಸಿದರು. ಅಮ್ಮನನ್ನು ಬೈಯಬೇಡ ಎಂದೂ ಸೇರಿಸಿದರು. ಮೇಘನಾ ಅಜ್ಜಿಯ ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಡಬ್ಬಿ ತೆಗೆದುಕೊಂಡು ಮನೆಗೆ ಹೋಗೋಣ ಎಂದಳು.

ಕಳಕ್ಕೂಟಂನ ಅವಳ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ಜಾಗದಲ್ಲಿ, ನಲ್ಲಿ ಸಣ್ಣಗೆ ಬಿಟ್ಟು ಹಾರವನ್ನು ನೀರಿನಡಿ ಹಿಡಿದಳು. ದಳಗಳೆಲ್ಲ ಕಳಚಿ ಹೋದವು. ನಾನು ನೋಡಲಾರದೆ ಪಕ್ಕಕ್ಕೆ ತಿರುಗಿದೆ. ಕೊನೆಗೆ ಅವಳ ಕೈಯಲ್ಲಿ ಬಾಳೆನಾರು ಉಳಿಯಿತು. ನೆನೆಸಿಯೇ ಕಟ್ಟುವ ನಾರಿಗೆ ನೀರೇನು ಮಾಡೀತು? ಕರಿಯ ತೊಟ್ಟುಗಳನ್ನು ಕಚ್ಚಿಕೊಂಡು ಒಂದರ ಪಕ್ಕ ಒಂದರಂತೆ ಅತ್ತೆಯ ಗಂಟುಗಳು ಹಾಗೇ ಇದ್ದವು. ಅವಳು ಅದನ್ನು ಅಜ್ಜಿಯ ಬೆರಳಿಗೆ ತಾಗಿಸಿದಳು. ಅತ್ತೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಬೆರಳು ಓಡಿಸಿದರು. ಸೊಟ್ಟಗಾದ ಕಡೆ ನಿಂತು, ಇಲ್ಲಿ ಅಡುಗೆಯವನು ಬೆಲ್ಲ ಎಷ್ಟು ಅಂತ ಕೇಳೋಕೆ ಬಂದಿದ್ದ, ಕೈ ತಪ್ಪಿತು ಎಂದು ಗೊಣಗಿದರು.

ರೆಸಿನ್ನಿಗೆ ಹಾಕಿಸೋಣವೇ ಎಂದು ನಾನು ಕೇಳಿದೆ. ಬೇಡ ಅಮ್ಮ, ಗಾಜಿನೊಳಗೆ ಹೋದರೆ ಬೆರಳಿಗೆ ಸಿಗುವುದಿಲ್ಲ ಎಂದಳು ಮಗಳು.

ಆ ನಾರು ಈಗ ಅವಳ ಕಿಟಕಿಯ ಸರಳಿಗೆ ಜೋತುಬಿದ್ದಿದೆ. ಅತ್ತೆ ಎರಡು ದಿನವೆಂದು ಹೋದವರು ಇನ್ನೂ ಅಲ್ಲೇ ಇದ್ದಾರೆ. ಕೊನೆಯ ಹಾರ ಎಂದಿದ್ದನ್ನು ಯಾರೂ ನೆನಪಿಸಹೋಗಿಲ್ಲ. ಆಫೀಸಿನಿಂದ ಬರುತ್ತ ಮೇಘನಾ ಮುಲ್ಲಪ್ಪೂ ತರುತ್ತಾಳೆ. ಹಳೆಯ ಗಂಟುಗಳನ್ನು ತಡವುತ್ತ, ಹೆಬ್ಬೆರಳಿಗೆ ನಾರು ಸಿಕ್ಕಿಸಿಕೊಂಡು, ನಾಲಿಗೆ ಕಚ್ಚಿಕೊಂಡು ಕಟ್ಟುತ್ತಾಳೆ. ನಾನು ಕೊಚ್ಚಿಯಲ್ಲಿ ಮೆತ್ತಗಾದ ಹಪ್ಪಳ ಮುರಿಯುತ್ತ ಫೋನಿನಲ್ಲಿ ನೋಡುತ್ತೇನೆ. ಮೊನ್ನೆ ಗೇಣುದ್ದ ಕಟ್ಟಿ ಅಜ್ಜಿಯ ಕೈಗಿಟ್ಟು, ಬೆಳಗಾಗುವುದರೊಳಗೆ ಇದೂ ಬಾಡಿಬಿಡುತ್ತದೆ ಎಂದು ಮಲಯಾಳದಲ್ಲಿ ಕೊರಗಿದಳು. ಅತ್ತೆ ಅವಳ ಪಕ್ಕದ ಗೋಡೆಯನ್ನು ಪ್ರೀತಿಯಿಂದ ನೋಡಿದರು. ಬೆರಳಿನಿಂದ ಗಂಟುಗಳನ್ನು ಒತ್ತಿ ಒತ್ತಿ ಪರೀಕ್ಷಿಸಿದರು.

“ಬಾಡ್ಲಿ ಬಿಡು,” ಎಂದರು. “ಇನ್ನೂ ಸಡಿಲ ಇದೆ. ನಾಳೆ ಮತ್ತೆ ಕಟ್ಟು.”