ಹಿಂದಿನ ಸಾಲಿನ ದನಿ

ಸತ್ತವರ ಸುಳಿದಾಟವೆಲ್ಲ ಹೊಟ್ಟೆ ತುಂಬಿದ ಮೇಲೆ ಕಟ್ಟೆಗೆ ಕೂತು ಹೇಳುವ ಕಥೆ ಎಂದೇ ನಾನು ತಿಳಿದವನು. ಈಗಲೂ ಬಹುಮಟ್ಟಿಗೆ ಹಾಗೆಯೇ ತಿಳಿದಿದ್ದೇನೆ. ಆದರೆ ಸೂಡಿಯ ಆ ಒಂದು ಸಂಜೆಯನ್ನು ಯಾವ ಲೆಕ್ಕಕ್ಕೆ ಹಾಕಬೇಕೋ ತಿಳಿಯದು.

ಐವತ್ತರ ದಶಕದ ಮಾತು. ಗಜೇಂದ್ರಗಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಯುರೋಪಿನ ಸಂಗೀತಗಾರರೊಬ್ಬರು ಮುಂಬಯಿಯಲ್ಲಿ ಕಚೇರಿ ಮುಗಿಸಿ ಹತ್ತಿರದ ಸೂಡಿಯ ಹಳೆಯ ಗುಡಿಗಳನ್ನು ನೋಡಲು ಬಂದರು. ದುಭಾಷಿಯಾಗಿ ನಾನು ಜೊತೆಯಾದೆ. ಅವರು ತಾವೇ ಏನನ್ನೂ ಬಾರಿಸುವವರಲ್ಲ. ನೂರಾರು ವಾದ್ಯಗಾರರ ಎದುರು ನಿಂತು, ಸಣ್ಣ ಕೋಲು ಹಿಡಿದು, ಕೈಸನ್ನೆಯಿಂದಲೇ ಅವರನ್ನು ನುಡಿಸುವವರು. ವಿಯೆನ್ನಾ, ಲಂಡನ್, ನ್ಯೂಯಾರ್ಕ್ ಎಂದು ವರ್ಷವಿಡೀ ದೇಶದಿಂದ ದೇಶಕ್ಕೆ ಅದೇ ಕೆಲಸ.

"ಬರೇ ಕೈ ಆಡಿಸಿದ್ರ ಪಗಾರ ಕೊಡ್ತಾರೇನ್ರಿ?" ಎಂದು ನಮ್ಮ ಎತ್ತಿನ ಚಕ್ಕಡಿಯವನು ಕೇಳಿದ್ದನ್ನು ಅನುವಾದಿಸಿದಾಗ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುಡಿ ನೋಡಿ ಮರಳುವಾಗ ಮಠದಿಂದ ಭಜನೆ ಕೇಳಿಬಂತು. ಸಾಹೇಬರು ಒಳಗೆ ನಡೆದೇಬಿಟ್ಟರು. ಮರುದಿನ ನೆರೆಯೂರು ಜಕ್ಕಲಿಯ ಭಜನಾ ಮೇಳದೊಂದಿಗೆ ಜಿದ್ದಿನ ಹಾಡಿಕೆ ಇತ್ತು. ಆದರೆ ಸೂಡಿಯವರ ತಾಲೀಮು ಹದಕ್ಕೆ ಬರುತ್ತಿರಲಿಲ್ಲ. ಸಾಹೇಬರ ಕೆಲಸವೇನೆಂದು ನನ್ನಿಂದ ಕೇಳಿ ತಿಳಿದಿದ್ದ ಮೇಳದ ಹಿರಿಯ ವೀರಪ್ಪ ಬೇಸತ್ತು, "ಮಾಸ್ತರ್ರ, ಸಾಹೇಬ್ರಿಗೆ ಒಂದೀಟು ಕೈ ಆಡಸಂತ ಹೇಳ್ರಿ. ಅದರಿಂದಾರ ಚಲೋ ಆಗ್ಲಿ" ಎಂದ.

ಸಾಹೇಬರು ಬೂಟು ಕಳಚಿ ಖುಷಿಯಿಂದ ಮುಂದೆ ನಿಂತರು. ಹಾಡು ಸುರುವಾಯಿತು. ಸ್ವಲ್ಪ ಹೊತ್ತಿಗೆ ಅವರು ಹಿಂದಿನ ಸಾಲಿನ ಕೊನೆಗೆ, ಕಂಬದ ಮರೆಯ ಮೂಲೆಗೆ, ಅಂಗೈ ತೋರಿಸಿ ನಿಧಾನ, ನಿಧಾನ ಎಂದು ಸನ್ನೆ ಮಾಡತೊಡಗಿದರು. ಕೊನೆಗೆ ಹಾಡನ್ನೇ ನಿಲ್ಲಿಸಿ ನನಗೆ ಹೇಳಿದರು: "ಕಂಬದ ಹಿಂದಿನವರ ದನಿ ಬಂಗಾರದಂಥದು. ಆದರೆ ತಾಳ ಬಿಟ್ಟು ಮುಂದೆ ಓಡುತ್ತಾರೆ. ತಡೆದು ಹಾಡಲು ಹೇಳಿ."

ನಾನು ಕಂಬದಾಚೆ ಇಣುಕಿದೆ. ಬರಿಯ ಚಾಪೆ. ಆದರೂ ಸಾಹೇಬರ ಮಾತನ್ನು ಕನ್ನಡದಲ್ಲಿ ಹೇಳಿದೆ. ವೀರಪ್ಪ ತಾಳ ಕೆಳಗಿಟ್ಟ.

"ಅದು ನಮ್ಮ ಗುರಪ್ಪನ ಜಾಗಾರಿ. ಮಳಿಗಾಲದಾಗ ತೀರಿಕೊಂಡ. ಯಾವಾಗ್ಲೂ ಹಂಗ ಮುಂದ ಓಡಾಂವ. ಅಂವ ಹೋದಮ್ಯಾಲ ನಮ್ಮ ಹಾಡ ಕೂಡವಲ್ದು."

ವೀರಪ್ಪ ಕಣ್ಣೊರೆಸಿಕೊಂಡು ಮೂಲೆಯತ್ತ ತಿರುಗಿದ. "ಏ ಗುರಪ್ಪಾ, ಒಂದೀಟು ಸಾವಕಾಶ ಹಾಡೋ ಮಾರಾಯಾ! ಜಕ್ಕಲಿಯವ್ರ ಮುಂದ ಮರ್ಯಾದಿ ಕಳೀಬ್ಯಾಡ."

ಇಡೀ ಮೇಳ ನಕ್ಕಿತು. ಮತ್ತೆ ಹಾಡಿದರು. ಇಷ್ಟು ಹೊತ್ತು ಚೆಲ್ಲಾಪಿಲ್ಲಿಯಾಗಿದ್ದ ಹಾಡು ಒಂದೇ ಕೊರಳಿನಿಂದ ಬಂದಂತೆ ಕೂಡಿತು. ಸಾಹೇಬರು ಮೂಲೆಗೆ ತಲೆದೂಗಿ, ಈಗ ಸರಿ ಎಂದರು.

ದಾರಿಯಲ್ಲಿ, ಅಲ್ಲಿ ಯಾರೂ ಇರಲಿಲ್ಲವೆಂದು ತಿಳಿಸಿದೆ. ಅವರು ನಂಬಲಿಲ್ಲ. "ನೂರು ಪಿಟೀಲುಗಳಲ್ಲಿ ಒಂದು ತಪ್ಪಿದರೆ ಯಾವುದೆಂದು ಹೇಳುತ್ತೇನೆ. ನಿಮ್ಮ ನಾಲ್ಕಾರು ಜನರಲ್ಲಿ ಮೋಸ ಹೋಗುತ್ತೇನೆಯೇ?" ಎಂದು ನಕ್ಕರು.

ಮರುದಿನ ಸೂಡಿಯವರೇ ಗೆದ್ದರು. ಗುರಪ್ಪನ ಹೆಂಡತಿ ಬಸವ್ವ ಸಂಗತಿ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕಳು: "ಜಲ್ಮೆಲ್ಲಾ ನಮ್ಮನಿಯವ್ರು ನಾ ಹೇಳಿದ್ದು ಕೇಳ್ಲಿಲ್ರಿ. ಪರದೇಶದ ಸಾಹೇಬ್ರು ಕೈ ಮಾಡಿದ ಕೂಡ್ಲೇ ಕೇಳಿದ್ರು ನೋಡ್ರಿ!"

ಕಲ್ಲುಗೋಡೆಯ ಮಾರ್ದನಿಯನ್ನೇ ಸಾಹೇಬರು ಕೇಳಿರಬೇಕೆಂದು ಸಮಾಧಾನಪಟ್ಟುಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ. ಆದರೆ ಮಾರ್ದನಿ ಯಾವಾಗಲೂ ಹಾಡಿನ ಹಿಂದೆ ಬರುತ್ತದೆ, ಮುಂದೆ ಓಡುವುದಿಲ್ಲವಲ್ಲ.